ಎರಡು ಮಾರು ನೆಲ

ಎಲ್ಡರ್‌ಫೋಲ್ಡ್, ಇಂಗ್ಲೆಂಡ್
೧೨ ಅಕ್ಟೋಬರ್ ೧೯೨೩

ಅಣ್ಣ ಹಾಲನಿಗೆ, ತಮ್ಮ ಅರಿ ತಲೆ ಬಾಗಿಸಿ ಬರೆಯುವ ಕಾಗದ.

ಬದುಕಿದ್ದೇನೆ. ಹಡಗು ಹತ್ತಿ ಏಳು ತಿಂಗಳಾದ ಮೇಲೆ ಇದನ್ನು ಬರೆಯುತ್ತಿದ್ದಾನಲ್ಲ ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಬೈ. ಈ ಊರಲ್ಲಿ ನನ್ನನ್ನು ಬೈಯುವವರೂ ಇಲ್ಲ. ಎದುರಿಗೆ ಸಿಕ್ಕರೆ ಟೋಪಿ ಮುಟ್ಟುತ್ತಾರೆ, "ಇವತ್ತು ಮಳೆ ಬರಬಹುದು" ಎನ್ನುತ್ತಾರೆ, ಅದೂ ಮಳೆಯಲ್ಲಿ ನೆನೆಯುತ್ತ ನಿಂತುಕೊಂಡು. ಮಗಳೇ ರಂಗಿ, ನಿನ್ನ ಅಪ್ಪನಿಗೆ ಇದನ್ನು ಓದಿ ಹೇಳುವಾಗ ನಡುವೆ ಏನನ್ನೂ ಬಿಡಬೇಡ.

ದೊರೆ ಹಾಗೇ ಇದ್ದಾರೆ. ಎಡಗೈ ಎಡಗಾಲು ಏಳುವುದಿಲ್ಲ, ಮಾತು ಅರ್ಧ ಬಾಯಲ್ಲೇ ಉಳಿಯುತ್ತದೆ. "ಇಪ್ಪತ್ತು ವರ್ಷ ಕೋತಗಿರಿಯ ಬಂಗಲೆಯಲ್ಲಿ ಅವರ ಹೂತೋಟ ಕಾದದ್ದು ಸಾಲದೇ, ಅವರ ಹುಟ್ಟೂರಿಗೂ ಹೋಗಿ ಕಾಯಬೇಕೇ" ಎಂದು ಹೊರಡುವ ದಿನ ನೀನು ಕೇಳಿದ್ದೆ. ಕಟ್ಟಿಕೊಂಡ ಪಾಪಾತಿಯೇ ಹೋದ ಮೇಲೆ ನನಗೆ ಆ ಮನೆಯಲ್ಲಿ ಒಲೆ ಹಚ್ಚುವುದಕ್ಕೇ ಮನಸ್ಸಿರಲಿಲ್ಲ. ಟ್ರಾವರ್ಸ್ ದೊರೆ ಬಾ ಎಂದರು, ಬಂದೆ. ಅಷ್ಟೇ.

ಊರು ಹೇಗಿದೆ ಎಂದು ಕೇಳುತ್ತೀ. ನಲವತ್ತು ಮನೆ. ನಮ್ಮ ಹಟ್ಟಿಯ ಹಾಗೆ ಸಾಲಾಗಿ ಅಂಟಿಕೊಂಡಿಲ್ಲ, ಒಂದೊಂದೂ ಬೇರೆ, ಒಂದೊಂದಕ್ಕೂ ಬೇಲಿ. ನಡುವೆ ಹುಲ್ಲುಬಯಲು, ಅದರಲ್ಲೊಂದು ಕೊಳ, ಕೊಳದಲ್ಲಿ ಬಾತುಗಳು. ಬೆಟ್ಟ ಎಂದು ಇವರು ಕರೆಯುವುದನ್ನು ನಮ್ಮ ಎಮ್ಮೆ ಏದುಸಿರು ಬಿಡದೆ ಹತ್ತುತ್ತದೆ. ಗುಡಿ ಆರು ನೂರು ವರ್ಷದ್ದಂತೆ. ಗುಡಿಯ ಅಂಗಳದಲ್ಲಿ ಕಪ್ಪು ಎಲೆಯ ಮರವೊಂದಿದೆ, ಅದು ಗುಡಿಗಿಂತ ಹಿರಿಯದು. ಗೋರಿಗಳೆಲ್ಲ ಅದರ ಸುತ್ತ. ಸತ್ತವರನ್ನು ಇವರು ಊರ ನಡುವೆಯೇ ಇಟ್ಟುಕೊಂಡಿರುತ್ತಾರೆ.

ಹೆಂಡದಂಗಡಿಯ ಎದುರಿಗೆ ಹೊಸ ಕಲ್ಲೊಂದು ನಿಲ್ಲಿಸಿದ್ದಾರೆ, ಯುದ್ಧಕ್ಕೆ ಹೋಗಿ ಬಾರದವರ ಹೆಸರು ಕೆತ್ತಿಸಿ. ನಲವತ್ತು ಮನೆಗೆ ಹದಿನೇಳು ಹೆಸರು. ನನ್ನ ಜೊತೆ ತೋಟದಲ್ಲಿ ಕೆಲಸ ಮಾಡುವ ಜೋಬ್ ಎಂಬ ಮುದುಕನ ಇಬ್ಬರು ಮಕ್ಕಳು ಅದರಲ್ಲಿದ್ದಾರೆ. ಬೇಲಿ ಕತ್ತರಿಸುವುದು, ಗೋರಿ ಅಗೆಯುವುದು ಅವನ ಕೆಲಸ. ಎಲ್ಲರೂ ಆ ಕಲ್ಲಿನ ಮುಂದೆ ಟೋಪಿ ತೆಗೆಯುತ್ತಾರೆ, ಅವನೊಬ್ಬ ತೆಗೆಯುವುದಿಲ್ಲ. ನಾನು ಯಾಕೆಂದು ಕೇಳಿಲ್ಲ. ಇಲ್ಲಿ ಯಾರೂ ಯಾರನ್ನೂ ಯಾಕೆಂದು ಕೇಳುವುದಿಲ್ಲ, ನನಗೆ ಅದು ಒಗ್ಗಿದೆ.

ನನ್ನ ಹೊಲ ಬೀಳು ಬಿಡಬೇಡ. ನಿನಗೆ ಕೈಸಾಗದಿದ್ದರೆ ಯಾರಿಗಾದರೂ ಬೆಳೆಯಲ್ಲಿ ಪಾಲು ಮಾತಾಡಿ ವಾರಕ್ಕೆ ಕೊಡು. ಗಡಿಕಲ್ಲಿನ ಮಾತು ಮಾತ್ರ ಇನ್ನು ಎತ್ತಬೇಡ. ಕೂಟದಲ್ಲಿ ಹಿರಿಯರ ಮುಂದೆ ಆಡುವುದನ್ನೆಲ್ಲ ಆಡಿಯಾಗಿದೆ.

ನಿನ್ನ ತಮ್ಮ
ಅರಿ

---

ಕಟ್ಟಬೆಟ್ಟು
೨೦ ಡಿಸೆಂಬರ್ ೧೯೨೩

ತಮ್ಮ ಅರಿಗೆ ಹಾಲ ಹೇಳಿ ಬರೆಸಿದ್ದು.

ನಿನ್ನ ಕಾಗದ ಬಂತು. ರಂಗಿ ಮೂರು ಸಲ ಓದಿದಳು. ಮೂರನೆಯ ಸಲ ನಾನೇ ಕೇಳಿ ಓದಿಸಿಕೊಂಡೆ. ನಿನ್ನ ಅತ್ತಿಗೆ ಬಾತು ಎಂದರೇನು ಎಂದು ಕೇಳಿದಳು, ನೀರಲ್ಲಿ ಈಜುವ ಕೋಳಿ ಎಂದೆ. ಸರಿಯೋ ತಪ್ಪೋ ನೀನೇ ಹೇಳು.

ನಿನ್ನ ಹೊಲವನ್ನು ವಾರಕ್ಕೆ ಯಾಕೆ ಕೊಡಲಿ? ನನ್ನ ಕೈ ಇನ್ನೂ ಇದೆ. ಕೆಳಗಿನ ಪಟ್ಟಿಗೆ ಆಲೂಗೆಡ್ಡೆ ಹಾಕಿದ್ದೆ, ಚೆನ್ನಾಗಿ ಬಂತು. ಮೇಲಿನದಕ್ಕೆ ಸಾಮೆ. ನಿನ್ನ ಪಾಲು ನಿನ್ನ ಮನೆಯ ಅಟ್ಟದಲ್ಲೇ ಹಾಕಿಸಿದ್ದೇನೆ. ವಾರಕ್ಕೊಮ್ಮೆ ರಂಗಿ ಹೋಗಿ ಒಲೆ ಹಚ್ಚಿ ಹೊಗೆ ಹಾಕಿ ಬರುತ್ತಾಳೆ. ಬೀಗ ಹಾಕಿದ ಮನೆಗೆ ಇಲಿಯೇ ಯಜಮಾನ.

ಕಲ್ಲಿನ ಮಾತು ಎತ್ತಬೇಡ ಎಂದಿದ್ದೀ. ನಾನು ಎಂದು ಎತ್ತಿದೆ? ಅಪ್ಪ ಪಾಲು ಮಾಡಿ ನಿಲ್ಲಿಸಿದ ಕಲ್ಲು ಒಂದು ಬೆಳಿಗ್ಗೆ ಎರಡು ಮಾರು ಈಚೆಗೆ, ನನ್ನ ಹೊಲದೊಳಗೆ, ಒರತೆಯನ್ನು ದಾಟಿ ನಿಂತಿತ್ತು. ಕೂಟ ಸೇರಿತು. ನೀನು ಹಾಲಿನ ಗಿಂಡಿ ಮುಟ್ಟಿ ಆಣೆಯಿಟ್ಟು ನಾನಲ್ಲ ಎಂದೆ. ಹಾಗಾದರೆ ಸರಿ ಎಂದೆ ನಾನು. ಅಂದಿನಿಂದ ಒರತೆ ನಿನ್ನದು. ನಾನು ಕಲ್ಲಿನ ತನಕ ಉತ್ತು ನಿಲ್ಲಿಸುತ್ತೇನೆ, ಒಂದು ಗೇಣೂ ಮುಂದೆ ಹೋಗುವುದಿಲ್ಲ. ನಿನ್ನ ಕಡೆಯ ಪಟ್ಟಿ ಉಳುವಾಗಲೂ ಅದನ್ನೇ ಗಡಿ ಎಂದು ಉಳುತ್ತೇನೆ. ಎತ್ತುಗಳಿಗೆ ಮಾತ್ರ ಇನ್ನೂ ತಿಳಿದಿಲ್ಲ, ಹಳೆಯ ಜಾಗಕ್ಕೆ ಬಂದ ಕೂಡಲೆ ತಿರುಗಲು ನೋಡುತ್ತವೆ.

ಬೇಗ ಬಾ. ಎರಡು ವರ್ಷ ಎಂದು ಹೋಗಿದ್ದೀ.

ತಲೆಯ ಮೇಲೆ ಕೈಯಿಟ್ಟು ಹರಸುವ
ಹಾಲ

ಕುನ್ನಪ್ಪನಿಗೆ ರಂಗಿ ಬರೆದುಕೊಳ್ಳುವುದು: ಪಾದ್ರಿ ಶಾಲೆಯ ಕನ್ನಡದಲ್ಲಿ ಚಿಕ್ಕಪ್ಪ ಎಂದು ಬರೆಯಬೇಕು. ಹಾಗೆ ಬರೆದರೆ ನೀವು ಬೇರೆ ಯಾರೋ ಆಗಿಬಿಡುತ್ತೀರಿ. ಅಪ್ಪ ನಮ್ಮ ಮಾತಿನಲ್ಲಿ ಹೇಳಿದ್ದನ್ನೆಲ್ಲ ನಾನು ಶಾಲೆಯ ಕನ್ನಡಕ್ಕೆ ತಿರುಗಿಸಿದ್ದೇನೆ. ಎತ್ತಿನ ಮಾತು ಬರೆಸಿದ ಮೇಲೆ ಅಪ್ಪ ಅದನ್ನು ಇನ್ನೊಮ್ಮೆ ಓದಿಸಿಕೊಂಡ. ಅಳಿಸಲೇ ಎಂದು ಕೇಳಿದೆ, ಬೇಡ ಇರಲಿ ಎಂದ.

---

ಎಲ್ಡರ್‌ಫೋಲ್ಡ್
೩೦ ಮೇ ೧೯೨೪

ಅಣ್ಣನಿಗೆ,

ನಿನ್ನ ಕಾಗದಕ್ಕೆ ಐದು ತಿಂಗಳು ಉತ್ತರ ಬರೆಯಲಿಲ್ಲ. ಕೆಲಸವಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಚಳಿಗಾಲದಲ್ಲಿ ಇಲ್ಲಿ ತೋಟಕ್ಕೆ ಕೆಲಸವೇ ಇಲ್ಲ. ಮಣ್ಣು ಕಲ್ಲಾಗುತ್ತದೆ.

ನಿನ್ನೆ ಇಲ್ಲೊಂದು ಹಬ್ಬ ನಡೆಯಿತು, ಅದನ್ನು ನಿನಗೆ ಹೇಳದಿರಲು ಆಗಲಿಲ್ಲ. ವರ್ಷಕ್ಕೊಮ್ಮೆ ಇವರು ಊರಿನ ಗಡಿ ಸುತ್ತುತ್ತಾರೆ. ಪಾದ್ರಿ ಮುಂದೆ, ಹಿಂದೆ ಊರಿಗೆ ಊರೇ, ಕೈಯಲ್ಲಿ ಸಿಪ್ಪೆ ಸುಲಿದ ಕೋಲು. ಹಳ್ಳ ದಾಟಿ, ಮುಳ್ಳುಪೊದೆ ನುಗ್ಗಿ, ಒಬ್ಬರ ಕೊಟ್ಟಿಗೆಯೊಳಗಿಂದಲೂ ಹಾದು ಹೋದೆವು, ಗಡಿ ಅಲ್ಲಿ ಹಾದುಹೋಗುತ್ತದೆಯಂತೆ. ಗಡಿಕಲ್ಲು ಸಿಕ್ಕಿದ ಕಡೆಯೆಲ್ಲ ನಿಂತು ಕೋಲಿನಿಂದ ಕಲ್ಲಿಗೆ ಹೊಡೆಯುತ್ತಾರೆ. ಕಲ್ಲು ಎಲ್ಲಿದೆ ಎಂಬುದು ಮರೆಯಬಾರದೆಂದು. ಕಾಗದ ಇಲ್ಲದ ಕಾಲದಿಂದ ಬಂದ ಪದ್ಧತಿ. ನಡುವೆ ರೊಟ್ಟಿ, ಗಿಣ್ಣು, ಬೀರು. ನಗು, ಕೂಗಾಟ. ಈ ಜನ ಇಷ್ಟು ಗಟ್ಟಿಯಾಗಿ ನಗುವುದನ್ನು ನಾನು ನಿನ್ನೆಯೇ ನೋಡಿದ್ದು.

ಒಂಬತ್ತನೆಯ ಕಲ್ಲು ದೊರೆಯವರ ದೊಡ್ಡ ಬೇಲಿಯ ಮೂಲೆಯಲ್ಲಿದೆ. ಎಲ್ಲರೂ ಹೊಡೆದರು, ಜೋಬ್ ಹೊಡೆಯಲಿಲ್ಲ. "ಈ ಕಲ್ಲು ನಡೆದು ಬಂದದ್ದು" ಎಂದ ನನ್ನ ಕಿವಿಯಲ್ಲಿ.

ದಾರಿಯುದ್ದಕ್ಕೂ ಅವನಿಂದ ಕತೆ ಕೇಳಿದೆ. ಬೇಲಿಯ ಆಚೆಗಿನ ನೆಲವೆಲ್ಲ ಮೊದಲು ಊರಿನ ಗೋಮಾಳ. ಬಡವರು ಹಸು ಬಿಡುತ್ತಿದ್ದರು, ಸೌದೆ ತರುತ್ತಿದ್ದರು. ನಮ್ಮ ದೊರೆಯ ತಾತನ ಕಾಲದಲ್ಲಿ ಆ ನೆಲ ದೊರೆಮನೆಗೆ ಸೇರಿದ್ದು ಎಂದು ಲಂಡನ್ನಿನಿಂದ ಕಾಗದ ಬಂತು. ಒಂದು ಮಳೆಗಾಲ ಕಳೆಯುವುದರಲ್ಲಿ ಬೇಲಿ ಎದ್ದಿತು, ಕಲ್ಲು ಜಾಗ ಬದಲಿಸಿತು. ಜೋಬನ ತಾತ ಹಸು ಮಾರಿ ದೊರೆಯ ತಾತನಲ್ಲಿಯೇ ಕೂಲಿಗೆ ಸೇರಿದ. ಜೋಬ್ ಐವತ್ತು ವರ್ಷದಿಂದ ಆ ಬೇಲಿಯನ್ನೇ ಕತ್ತರಿಸುತ್ತಿದ್ದಾನೆ. ಊರಿಗೆಲ್ಲ ಅಷ್ಟು ಚೆಂದದ ಬೇಲಿ ಇನ್ನೊಂದಿಲ್ಲ. ಈ ಊರಿನ ಗುಣವೇ ಅದು ಅಣ್ಣ. ಅನ್ಯಾಯವನ್ನು ಮರೆಯುವುದೂ ಇಲ್ಲ, ಆಡುವುದೂ ಇಲ್ಲ. ಕತ್ತರಿಸಿ ನೀಟಾಗಿ ಇಟ್ಟುಕೊಳ್ಳುತ್ತಾರೆ.

"ನೀವು ಯಾರೂ ಜಗಳ ಆಡಲಿಲ್ಲವೇ?" ಎಂದೆ.

"ಯಾರ ಹತ್ತಿರ? ಅವರ ಹತ್ತಿರ ಕಾಗದವಿತ್ತು. ನಮ್ಮ ಹತ್ತಿರ ಹಸು ಇತ್ತು" ಎಂದ ಜೋಬ್.

ಕೊನೆಗೆ ಪಾದ್ರಿ ಗ್ರಂಥ ತೆಗೆದು ಶಾಪಗಳನ್ನು ಓದಿದರು. ನೆರೆಯವನ ಗಡಿ ಸರಿಸಿದವನಿಗೂ ಅದರಲ್ಲಿ ಶಾಪವಿದೆ. ನಮ್ಮಲ್ಲಿ ಸತ್ತವರ ಪಾಪ ಒಂದೊಂದಾಗಿ ಹೇಳುವಾಗ ನಿಂತವರೆಲ್ಲ "ಅದು ಪಾಪ" ಎನ್ನುವುದಿಲ್ಲವೇ, ಹಾಗೆಯೇ ಇವರು ಪ್ರತಿಯೊಂದಕ್ಕೂ ಆಮೆನ್ ಎನ್ನುತ್ತಾರೆ. ದೊರೆಯ ಮನೆಯವರೂ ಎಂದರು. ನನ್ನ ಬಾಯಿಂದ ಹೊರಡಲಿಲ್ಲ. ಗಾಳಿಯಲ್ಲಿ ತುಂಬ ಚಳಿಯಿತ್ತು.

ದೊರೆಯ ಮಾತು ಈಗ ಪೂರ್ತಿ ನಿಂತಿದೆ. ಬಾತು ಕೋಳಿಯಲ್ಲ, ಆದರೆ ಅತ್ತಿಗೆಗೆ ಹಾಗೇ ಇರಲಿ ಬಿಡು.

ಅರಿ

---

ಕಟ್ಟಬೆಟ್ಟು
೧೦ ಆಗಸ್ಟ್ ೧೯೨೪

ಅರಿಗೆ ಹಾಲ ಬರೆಸಿದ್ದು.

ನೀನು ಊರಿನ ಕತೆ ಚೆನ್ನಾಗಿ ಬರೆಯುತ್ತೀ. ಹಟ್ಟಿಯ ಜನ ಬಂದು ಕೂತು ಕೇಳಿ ಹೋದರು. ಕೂಟ ನಡೆಸುವ ನಂಜುಂಡನ್ ಗೌಡ ಎರಡು ಸಲ ಕೇಳಿದರು. ಬಿಳಿಯರೂ ಕಲ್ಲು ಸರಿಸುತ್ತಾರೆ ಎಂದು ತಿಳಿದು ಎಲ್ಲರಿಗೂ ಸ್ವಲ್ಪ ಸಮಾಧಾನವಾಯಿತು.

ಮೇ ತಿಂಗಳಲ್ಲಿ ಚಳಿಯಾಯಿತು ಎಂದಿದ್ದೀ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನನಗೆ ಗೊತ್ತಿರುವವನು ಒಬ್ಬನೇ. ಚಿಕ್ಕಂದಿನಲ್ಲಿ ಬೆಣ್ಣೆ ಕದ್ದರೆ ನೀನೇ ಮೊದಲು ಬಂದು, ಬೆಣ್ಣೆ ಯಾರೂ ಕದ್ದಿಲ್ಲ ಎನ್ನುತ್ತಿದ್ದೆ.

ಅವರ ಕಲ್ಲು ನಡೆದ ಕತೆ ಕೇಳಿದೆ. ನಾನು ಇನ್ನೊಂದು ಕತೆಗೆ ಕಾಯುತ್ತಿದ್ದೇನೆ. ಅದನ್ನು ಬರೆಯುವುದಕ್ಕೆ ಆಗದಿದ್ದರೆ ಬಂದು ಹೇಳು. ಬಂದೂ ಹೇಳಲು ಆಗದಿದ್ದರೆ ಸುಮ್ಮನೆ ಬಾ.

ಹಾಲ

ಕುನ್ನಪ್ಪನಿಗೆ: ಇದನ್ನು ಅಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಅಪ್ಪನ ಕಾಲು ಊದಿಕೊಂಡಿದೆ, ಒತ್ತಿದರೆ ಹಳ್ಳ ಬೀಳುತ್ತದೆ. ಮಲಗಿದರೆ ಉಸಿರು ಹಿಡಿಯುತ್ತದೆ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾನೆ. ಕೋತಗಿರಿಯ ಡಾಕ್ಟರು ಎದೆಯ ಕಾಯಿಲೆ ಎಂದರು, ಉಪ್ಪು ಬಿಡಲು ಹೇಳಿದರು. ಈ ಸಲ ನಿಮ್ಮ ಹೊಲ ಉಳಲು ಆಳು ಕರೆಸಿದೆವು. ಅಪ್ಪ ಕಲ್ಲಿನ ಪಕ್ಕ ಗೋಣಿ ಹಾಸಿಕೊಂಡು ಕೂತಿದ್ದ, ಆಳು ಆಚೆ ಈಚೆ ಹೋಗಬಾರದೆಂದು. ನೀವು ಬರುವುದಾದರೆ ಈಗ ಬನ್ನಿ.

---

ಎಲ್ಡರ್‌ಫೋಲ್ಡ್
೨ ನವೆಂಬರ್ ೧೯೨೪

ಅಣ್ಣ,

ರಂಗಿಯ ಕಾಗದ ಕಂಡ ದಿನವೇ ಹೊರಡಬೇಕಿತ್ತು. ದೊರೆಯನ್ನು ಹೊರಳಿಸಿ ಮಲಗಿಸುವುದಕ್ಕೂ ನಾನೇ ಬೇಕಾಗಿತ್ತು. ಅವರ ಮಗಳು ಏಡಾ ಅಮ್ಮ ಕೈ ಹಿಡಿದು ಕೇಳಿಕೊಂಡಳು. ಬಿಟ್ಟು ಬರಲಾಗಲಿಲ್ಲ. ದೊರೆ ಹೋದ ತಿಂಗಳು ಇಪ್ಪತ್ತಾರಕ್ಕೆ ತೀರಿಕೊಂಡರು.

ಮಣ್ಣು ಮಾಡಿದ ದಿನ ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳಿಯೇ ಮುಂದಿನದು ಹೇಳಬೇಕು.

ಕಪ್ಪು ಬಟ್ಟೆ ಹಾಕಿಕೊಂಡು ಊರೆಲ್ಲ ಸೇರಿತ್ತು. ಪಾದ್ರಿ ಗ್ರಂಥ ಓದಿದರು. ದೊರೆ ಒಳ್ಳೆಯವರು, ಕೊಡುಗೈ, ದೇವರಿಗೆ ಅಂಜಿದವರು ಎಂದರು. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಪೆಟ್ಟಿಗೆ ಇಳಿಸಿದರು. ಮುಗಿಯಿತು, ಇನ್ನೇನು ಮಣ್ಣು ಎಳೆಯಬೇಕು. ಅಣ್ಣ, ಒಬ್ಬರೂ ಒಂದು ಪಾಪವನ್ನೂ ಹೇಳಲಿಲ್ಲ! ಅಷ್ಟು ಭಾರ ಹೊತ್ತುಕೊಂಡು ಆ ಮನುಷ್ಯ ದಾರಿ ನಡೆಯುವುದು ಹೇಗೆ? ಮಗನಿಲ್ಲ, ಹಿರಿಯರಿಲ್ಲ. ಅನ್ನ ತಿಂದವನು ನಾನೊಬ್ಬ ಅಲ್ಲಿದ್ದೆ. ಗುಂಡಿಯ ತಲೆಭಾಗಕ್ಕೆ ಹೋಗಿ ನಿಂತು, ನಮ್ಮ ಮಾತಿನಲ್ಲಿ, ಹಿರಿಯರು ಹೇಳುವ ರಾಗದಲ್ಲಿ ಶುರು ಮಾಡಿದೆ.

ನೀರಿಗೆ ಬಂದ ಎಮ್ಮೆಯನ್ನು ಅಟ್ಟಿದ ಎಂದೆ. ಯಾರೂ ಓಗೊಡಲಿಲ್ಲ. ನಾನೇ ಅದು ಪಾಪ ಎಂದೆ. ಹಸಿದು ಬಂದವರಿಗೆ ಬಾಗಿಲು ಹಾಕಿದ ಎಂದೆ. ಅದು ಪಾಪ. ಬಸುರಿಯನ್ನು ಬಿಸಿಲಲ್ಲಿ ನಿಲ್ಲಿಸಿದ. ಅದು ಪಾಪ. ಗಡಿಕಲ್ಲು ಸರಿಸಿದ ಎಂದೆ.

ಅಲ್ಲಿಗೆ ನನ್ನ ದನಿ ನಿಂತಿತು.

ಏಡಾ ಅಮ್ಮ ಹುಟ್ಟಿದ್ದು ಕೋತಗಿರಿಯಲ್ಲಿ, ಎತ್ತಿ ಆಡಿಸಿದವಳು ನಮ್ಮ ಜನದ ಒಬ್ಬ ಹೆಂಗಸು. ಆ ಗುಂಪಿನಲ್ಲಿ ನಮ್ಮ ಮಾತು ತಿಳಿಯುವವಳು ಅವಳೊಬ್ಬಳೇ. ಮುಖ ಬಿಳಿಚಿತ್ತು. ಹತ್ತಿರ ಬಂದು ನಮ್ಮ ಮಾತಿನಲ್ಲೇ "ಸಾಕು, ಅರಿ" ಎಂದಳು.

ಮನೆಗೆ ಬಂದ ಮೇಲೆ ಅಡುಗೆಮನೆಗೇ ಬಂದು ನಿಂತಳು. "ಎಲ್ಲರೂ ನೀನು ಶಾಪ ಹಾಕಿದೆ ಅಂದುಕೊಂಡಿದ್ದಾರೆ. ನನಗೆ ಅರ್ಥವಾದದ್ದು ಅದಕ್ಕಿಂತ ಕೆಟ್ಟದ್ದು. ಆ ಕಲ್ಲು ಸರಿಸಿದ್ದು ಅಪ್ಪನಲ್ಲ, ಅವರ ತಾತ. ಅಪ್ಪನ ಮೇಲೆ ಯಾಕೆ ಹೊರಿಸಿದೆ?" ಎಂದಳು.

ನಾನು ತಿಳಿಸಿ ಹೇಳಿದೆ. "ಇದು ದೂರಲ್ಲ ಅಮ್ಮ. ನಮ್ಮಲ್ಲಿ ಯಾರು ಸತ್ತರೂ ಹೇಳುತ್ತೇವೆ, ಮಾಡಿದ್ದನ್ನೂ ಮಾಡದ್ದನ್ನೂ. ಅವರ ಹಿರಿಯರು ಮಾಡಿದ್ದನ್ನೂ ಸೇರಿಸಿ ಹೇಳುತ್ತೇವೆ. ಊರೆಲ್ಲ ಕೇಳಿ, ಅದು ಪಾಪ ಎಂದು ಒಪ್ಪಿಕೊಂಡರೆ ಅದು ಅಲ್ಲಿಗೆ ಬಿಡುತ್ತದೆ. ಪ್ರೀತಿ ಇಲ್ಲದವರಿಗೆ ಯಾರೂ ಹೇಳುವುದಿಲ್ಲ."

"ಯಾರೂ ಒಪ್ಪಿಕೊಳ್ಳಲಿಲ್ಲವಲ್ಲ. ಹಾಗಾದರೆ ಅಪ್ಪನದು ಹೋಯಿತೋ ಇಲ್ಲವೋ?" ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

ಮರುದಿನ ಜೋಬ್ ಬಂದ. ನಿನ್ನೆ ಏನು ಹೇಳಿದೆ ಎಂದು ಕೇಳಿದ. ಕಲ್ಲಿನ ಸಾಲು ಒಂದನ್ನೇ ತಿರುಗಿಸಿ ಹೇಳಿದೆ. ಮುದುಕ ಟೋಪಿ ತೆಗೆದ. ತನ್ನ ಮಕ್ಕಳ ಕಲ್ಲಿಗೂ ತೆಗೆಯದವನು ತೆಗೆದು, ಆಮೆನ್ ಎಂದ. ಅವನ ಕಣ್ಣು ತುಂಬಿತ್ತು.

ಅಣ್ಣ, ಅಷ್ಟು ಹೇಳುವುದಕ್ಕೆ ಈ ಊರು ನೂರು ವರ್ಷ ಕಾದಿದೆ. ನಾನು ಇನ್ನು ಒಂದು ದಿನವೂ ಕಾಯಲಾರೆ. ಕಲ್ಲು ಸರಿಸಿದವನು ನಾನು. ಕೂಟದಲ್ಲಿ ಹಾಲು ಮುಟ್ಟಿ ಸುಳ್ಳು ಹೇಳಿದವನು ನಾನು.

ಯಾಕೆ ಎಂದು ಕೇಳುವ ಹಕ್ಕು ನಿನಗಿದೆ. ಪಾಪಾತಿ ಬಸುರಿಯಾಗಿದ್ದಾಗ ಒರತೆಗೆ ನೀರಿಗೆ ಬಂದಳು. ಕೇಳಿ ತುಂಬಿಕೋ ಎಂದು ಅತ್ತಿಗೆ ಒಂದು ಮಾತು ಅಂದಳು. ದೊಡ್ಡ ಮಾತೇನಲ್ಲ. ಪಾಪಾತಿಗೆ ಮಾತ್ರ ದೊಡ್ಡದಾಯಿತು. ಬೇಡಿ ತರುವುದಿಲ್ಲ ಎಂದು ಕೆಳಗಿನ ಹಳ್ಳಕ್ಕೆ ಹೋಗಿ ಕೊಡ ಹೊತ್ತು ಹತ್ತುತ್ತಿದ್ದಳು. ಆಮೇಲೆ ಜ್ವರ ಬಂತು, ಅವಳೂ ಹೋದಳು, ಹೊಟ್ಟೆಯಲ್ಲಿದ್ದದ್ದೂ ಹೋಯಿತು. ಜ್ವರ ನೀರಿನಿಂದ ಬಂದದ್ದಲ್ಲ, ಆ ವರ್ಷ ಎಲ್ಲ ಹಟ್ಟಿಯಲ್ಲೂ ಇತ್ತು. ನನಗೆ ಗೊತ್ತು. ಆದರೂ ಹದಿಮೂರನೆಯ ದಿನ ಬೆಳಿಗ್ಗೆ ಮಂಜಿನಲ್ಲಿ ಹಾರೆ ತೆಗೆದುಕೊಂಡು ಹೋದೆ. ಅವಳಿದ್ದಾಗ ಬೇಕಾಗಿದ್ದ ನೀರನ್ನು ಅವಳು ಹೋದ ಮೇಲೆ ಕದ್ದೆ. ಆ ಒರತೆಯಿಂದ ಒಂದು ಬೊಗಸೆ ನೀರನ್ನೂ ನಾನು ಇದುವರೆಗೆ ಕುಡಿದಿಲ್ಲ.

ನಿನ್ನ ಮುಖ ನೋಡಲಾಗದೆ ಹಡಗು ಹತ್ತಿದೆ. ಪಾಪಾತಿಯ ದುಃಖ ಎಂದು ಎಲ್ಲರಿಗೂ ಹೇಳಿದೆ. ಅದು ಅರ್ಧ ಮಾತ್ರ.

ರಂಗಿ, ಇದನ್ನು ಅಪ್ಪನಿಗೆ ಓದು. ನಂಜುಂಡನ್ ಗೌಡರನ್ನು ಕರೆಸಿ ಅವರ ಮುಂದೆಯೂ ಓದು. ಕಲ್ಲನ್ನು ಮೊದಲಿನ ಜಾಗಕ್ಕೆ ಇಡಿಸಿ. ದೊರೆಯ ಮನೆ ಈಗ ಅವರ ಅಣ್ಣನ ಮಗನದು, ನನ್ನನ್ನು ಜನವರಿಯ ಹಡಗಿಗೆ ಹತ್ತಿಸುತ್ತಾರಂತೆ. ಬಂದು ನಿನ್ನ ಮುಂದೆ ತಲೆ ಬಾಗಿಸುತ್ತೇನೆ ಅಣ್ಣ. ಕೈ ಇಡುವುದೂ ಬಿಡುವುದೂ ನಿನ್ನಿಷ್ಟ. ನಾನು ಬರುವ ತನಕ ಇರು.

ಅರಿ

---

ಕಟ್ಟಬೆಟ್ಟು
೪ ಡಿಸೆಂಬರ್ ೧೯೨೪

ಕುನ್ನಪ್ಪನಿಗೆ ರಂಗಿ ಬರೆಯುವುದು.

ಇದನ್ನು ನಾನೇ ಬರೆಯುತ್ತಿದ್ದೇನೆ, ಹೇಳಿ ಬರೆಸುವವರು ಇಲ್ಲ. ಅಪ್ಪ ನವೆಂಬರ್ ಹತ್ತೊಂಬತ್ತಕ್ಕೆ ಹೋದ. ನಿಮ್ಮ ಕಾಗದ ಬಂದದ್ದು ಇಪ್ಪತ್ತಾರಕ್ಕೆ. ಟಪಾಲಿನವನು ಅವ್ವೆ ಬಾಗಿಲಲ್ಲಿ ಕೂತು ಅಳುತ್ತಿದ್ದದ್ದು ಕಂಡು ಕೊಡುವುದೋ ಬೇಡವೋ ಎಂದು ನಿಂತಿದ್ದ.

ಒಬ್ಬಳೇ ಓದಿದೆ. ಓದಿ ನಿಮ್ಮ ಮೇಲೆ ತುಂಬ ಸಿಟ್ಟು ಬಂತು. ಒಂದು ಕಾಗದ, ಒಂದು ವಾರ ಮೊದಲು! ಅಪ್ಪ ಎರಡು ವರ್ಷ ಕಾದ. ಟಪಾಲಿನವನು ಬೇರೆ ಮನೆಗೆ ಬಂದರೂ ಎದ್ದು ಕೂರುತ್ತಿದ್ದ. ಬಾತು, ಬೇಲಿ, ಗುಡಿಯ ಮರ ಎಲ್ಲ ಬರೆದಿರಿ. ಈಗಲೂ ಸಿಟ್ಟಿದೆ. ಚಿಕ್ಕವಳು ಹೀಗೆ ಬರೆಯಬಾರದು ಎಂದು ಗೊತ್ತಿದೆ, ಬರೆದಿದ್ದೇನೆ. ಆಮೇಲೆ ಅವ್ವೆಗೂ ಓದಿ ಹೇಳಿದೆ. ನೀರಿನ ಮಾತು ಬಂದಾಗ ಅವ್ವೆ ಸೆರಗು ಬಾಯಿಗೆ ತುರುಕಿಕೊಂಡಳು. ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ.

ನಿಮಗೆ ಹೇಳಬೇಕಾದದ್ದು ಬೇರೆ ಇದೆ. 

ಹೋಗುವ ಹಿಂದಿನ ದಿನ ಮಧ್ಯಾಹ್ನ ಅಪ್ಪನಿಗೆ ಉಸಿರು ಸ್ವಲ್ಪ ಸಡಿಲವಾಗಿತ್ತು. ಬಿಸಿಲಿಗೆ ಕೂರಿಸಿದ್ದೆವು. ನನ್ನನ್ನು ಹತ್ತಿರ ಕರೆದು, "ಕಲ್ಲು ಸರಿಸಿದ್ದ ನಾ ನೋಡಿದೆ" ಎಂದ. ಆ ಬೆಳಿಗ್ಗೆ ಎಮ್ಮೆ ಹಾಲು ಕರೆದು ಹೊರಗೆ ಬಂದವನಿಗೆ ಮಂಜಿನಲ್ಲಿ ನೀವು ಹಾರೆ ಹಾಕುವುದು ಕಂಡಿತಂತೆ. ಮಾತಾಡದೆ ಒಳಗೆ ಹೋದನಂತೆ. ಕೂಟದಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹಾಲು ಮುಟ್ಟಿದವನನ್ನು ಸುಳ್ಳುಗಾರ ಎಂದರೆ ಹಟ್ಟಿ ಅವನನ್ನು ಸೇರಿಸುವುದಿಲ್ಲ, ಆಗಷ್ಟೇ ಹೆಂಡತಿಯನ್ನು ಕಳೆದುಕೊಂಡಿದ್ದ ಎಂದ. ಮತ್ತೆ, "ಆ ಹೆಣ್ಣು ಕೊಡ ಹೊತ್ತು ಹತ್ತುವುದ ದಿನಾ ನೋಡಿದೆ. ಬಾ, ಇಲ್ಲೇ ತುಂಬಿಕೋ ಅಂತ ಒಂದು ದಿನ ಹೇಳಲಿಲ್ಲೆ" ಎಂದ. ನಾನು ಅಪ್ಪ ಅಳುವುದನ್ನು ನೋಡಿದ್ದು ಅದೇ ಮೊದಲು.

ಆಮೇಲೆ ಒಂದು ಮಾತು ತೆಗೆದುಕೊಂಡ. ನನ್ನ ಕೈ ಹಿಡಿದು ತೆಗೆದುಕೊಂಡ.

ಮರುದಿನ ಹೋದ. ಕೊನೆಗಾಲಕ್ಕೆಂದು ತುಪ್ಪ ಸವರಿದ ಪುಟ್ಟ ಚಿನ್ನದ ಹಣ ಬಾಯಿಗಿಟ್ಟಾಗ ನುಂಗಿದ, ಕಷ್ಟಪಡಲಿಲ್ಲ. ಸುತ್ತಿನ ಹಟ್ಟಿಗಳಿಗೆಲ್ಲ ಸುದ್ದಿ ಹೋಯಿತು. ನಾನೂರು ಜನಕ್ಕೆ ಕಡಿಮೆ ಇರಲಿಲ್ಲ. ಪಾಪ ಹೇಳಲು ನಂಜುಂಡನ್ ಗೌಡರು ಎದ್ದರು. ಅವರು ಶುರು ಮಾಡುವ ಮೊದಲೇ ಹೋಗಿ ಅಪ್ಪನ ಮಾತು ಹೇಳಿದೆ. ಅವರು ನನ್ನನ್ನು ನೋಡಿದರು. "ಕಲ್ಲಿನ ಮಾತ ನಾ ಬಿಡೋಣ ಅಂತ ಇದ್ದೆ ಮಗಳೇ. ಎಲ್ಲರಿಗೂ ಹೇಳುವ ಮಾತೇ ಸೈ, ಆದರೆ ನಿನ್ನಪ್ಪನ ಹೆಣದ ಮುಂದೆ ಅದ ಹೇಗೆ ಹೇಳಲಿ? ಅವನು ತನ್ನ ನೆಲ ಬಿಟ್ಟವನು" ಎಂದರು.

"ಅಪ್ಪ ಮೂರು ಸಲ ಹೇಳಬೇಕು ಅಂದ" ಎಂದೆ.

ಬೇರೆಲ್ಲ ಪಾಪಗಳನ್ನು ಹೇಳಿದರು, ಜನ ಒಂದೊಂದಕ್ಕೂ ಅದು ಪಾಪ ಎಂದರು. ಕೊನೆಗೆ ಗಡಿಕಲ್ಲು ಸರಿಸಿದ ಎಂದರು. ಯಾರೂ ಓಗೊಡಲಿಲ್ಲ. ಹಾಲನ ಮೇಲೆ ಆ ಮಾತು ಹೊರಿಸಲು ಯಾರಿಗೂ ಬಾಯಿ ಬರಲಿಲ್ಲ. ಹೆಂಗಸರ ಅಳು ಕೂಡ ನಿಂತಿತು. ಗೌಡರು ಎರಡನೆಯ ಸಲ ಹೇಳಿದರು. ಆಗ ಅವ್ವೆ ಒಬ್ಬಳೇ, ಅದು ಪಾಪ ಎಂದಳು. ಮೂರನೆಯ ಸಲಕ್ಕೆ ಜನರೆಲ್ಲ ಹೇಳಿದರು. ಅಳುತ್ತ ಹೇಳಿದರು. ನಿಮ್ಮ ಹೆಸರನ್ನು ಯಾರೂ ಎತ್ತಲಿಲ್ಲ, ಯಾರಿಗಾಗಿ ಹೇಳುತ್ತಿದ್ದೇವೆ ಎಂದು ಎಲ್ಲರಿಗೂ ಗೊತ್ತಿತ್ತು.

ನೀವು ಜನವರಿಯಲ್ಲಿ ಹಡಗು ಹತ್ತುವ ಮೊದಲು ಈ ಕಾಗದ ಸಿಗಬಹುದು. ನಿಮ್ಮ ಕಾಗದವನ್ನು ಗೌಡರ ಮುಂದೆ ಓದಲಿಲ್ಲ, ಇನ್ನು ಓದುವುದೂ ಇಲ್ಲ. ಅಪ್ಪ ಮಾಡಿ ಮುಗಿಸಿದ್ದನ್ನು ನಾವು ಮತ್ತೆ ತೆಗೆಯಬಾರದು.

ಅಪ್ಪ ನನ್ನಿಂದ ಮಾತು ತೆಗೆದುಕೊಂಡಾಗ ಹೇಳಿದ್ದನ್ನು ಶಾಲೆಯ ಕನ್ನಡಕ್ಕೆ ತಿರುಗಿಸಲು ನೋಡಿದೆ, ಆಗಲಿಲ್ಲ. ಹೇಳಿದ ಹಾಗೆಯೇ ಬರೆಯುತ್ತೇನೆ: "ಕಲ್ಲಿನ ಪಾಪವ ಎನ್ನ ಮೇಲೆ ಮೂರು ಸಲ ಹೇಳಲಿ. ಎನ್ನ ತಮ್ಮ ಅಲ್ಲಿ ಸತ್ತಲೆ ಅವಂಗ ಹೇಳುವವರು ಆರೂ ಇಲ್ಲೆ."

ರಂಗಿ